ನಂಬರ್ ಕೂಗುವ ಬಾಯಿ

ಸಂಘದ ಹಾಲ್ ಹಿಂದಿನ ವಾಷ್‌ಬೇಸಿನ್ ಮುಂದೆ ನಿಂತು ವಾಸಂತಿ ‘ಅರವತ್ತಾರು’ ಎಂದರು. ಮೇಲಿನ ಹಲ್ಲುಸೆಟ್ಟು ಕಳಚಿ ನಾಲಿಗೆಯ ಮೇಲೆ ಕೂತಿತು. ಪಕ್ಕದಲ್ಲಿ ಗಂಡ ವೆಂಕಟಸುಬ್ಬಯ್ಯ ಹಲ್ಲುಸೆಟ್ಟು ಅಂಟಿಸುವ ಪೇಸ್ಟಿನ ಟ್ಯೂಬ್ ಹಿಡಿದು ಸಿದ್ಧರಾಗಿದ್ದರು. ಒಳಗೆ, ನಿವೃತ್ತ ನೌಕರರ ತಿಂಗಳ ಹೌಸಿ ಆಟಕ್ಕೆ ಪೀಣ್ಯದ ಆ ಬಡಾವಣೆಯ ಅರ್ಧ ಜನ ಟಿಕೆಟ್ ಹಿಡಿದು ಕಾಯುತ್ತಿದ್ದರು.

ಸಂಘ ಶುರುವಾದಾಗಿನಿಂದ ನಂಬರ್ ಕೂಗುವವರು ವಾಸಂತಿಯೇ. ಹೋದ ತಿಂಗಳು ಹಲ್ಲು ಜಾರೀತೆಂಬ ಭಯಕ್ಕೆ ತುಟಿ ಬಿಗಿದುಕೊಂಡು ಕೂಗಿದ್ದರಿಂದ, ಐವತ್ತಾರೋ ಅರವತ್ತಾರೋ ಎಂದು ಇಬ್ಬರು ಜಗಳಕ್ಕೆ ನಿಂತಿದ್ದರು. ಇನ್ನು ಮುಂದೆ ತನ್ನ ಫೋನೇ ಕೂಗುತ್ತದೆ ಎಂದು ಕಾರ್ಯದರ್ಶಿ ವಿಶ್ವನಾಥ್ ತೀರ್ಮಾನ ಕೊಟ್ಟರು. ವಾಸಂತಿ ಪಟ್ಟು ಹಿಡಿದು ಇವತ್ತಿನ ಮೊದಲ ಆಟವನ್ನು ಕೇಳಿ ಪಡೆದಿದ್ದರು. ಯಾರಾದರೂ ಒಂದೇ ಒಂದು ಸಲ ‘ಏನಂದ್ರಿ?’ ಎಂದು ಕೇಳಿದರೂ ಮೈಕು ಫೋನಿನ ಪಾಲು.

“ಇನ್ನೊಂದು ಕೋಟ್ ಹಾಕ್ತೀನಿ, ಕೊಡು,” ಎಂದರು ವೆಂಕಟಸುಬ್ಬಯ್ಯ. ಸರ್ಕಾರಿ ಕಾರ್ಖಾನೆಯ ಅಸೆಂಬ್ಲಿ ವಿಭಾಗದಲ್ಲಿ ಜೀವಮಾನವಿಡೀ ಅಂಟು ಹಾಕಿದವರು ಅವರು. ಎರಡೂ ಮೈ ಒಣಗಿರಬೇಕು, ಆಮೇಲೆ ಸೆಟ್ ಆಗಲು ಬಿಡಬೇಕು ಎಂಬುದು ಅವರ ಶಾಸ್ತ್ರ. ಅದರಂತೆ ಹೆಂಡತಿಯ ಬಾಯಿಯ ಅಂಗುಳವನ್ನು ಹತ್ತಿಯಿಂದ ಒರೆಸಿ, ಮಧ್ಯಾಹ್ನದಿಂದ ಗುಟುಕು ನೀರೂ ಕುಡಿಯದಂತೆ ಕಾವಲು ಕಾದಿದ್ದರು.

ವಾಸಂತಿಯ ನಾಲಿಗೆ ಮರಳಿನಂತಾಗಿತ್ತು. ಬಿಪಿ ಮಾತ್ರೆಯಿಂದ ಜೊಲ್ಲು ಕಡಿಮೆಯಾಗಿದೆ, ಈ ಪೇಸ್ಟ್ ಪಸೆಯನ್ನು ಹೀರಿಕೊಂಡೇ ಹಿಡಿಯುವುದು, ಹೆಚ್ಚು ಹಾಕಿದಷ್ಟೂ ಮುದ್ದೆಯಾಗಿ ಜಾರುತ್ತದೆ ಎಂದು ಹಲ್ಲಿನ ಡಾಕ್ಟರು ಬೆಳಗ್ಗೆ ತಾನೇ ಹೇಳಿದ್ದರು. ಆಗ ವೆಂಕಟಸುಬ್ಬಯ್ಯ ಹೊರಗೆ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತಿದ್ದರು. ಆಮೇಲೆ ವಾಸಂತಿ ವಿವರಿಸಿದಾಗ, ನೀರು ಬಿದ್ದರೆ ಯಾವ ಅಂಟು ನಿಲ್ಲುತ್ತದೆ ಎಂದು ನಕ್ಕುಬಿಟ್ಟಿದ್ದರು.

“ನೋಡ್ರೀ, ನಾನು ಗೇಜ್ ರೂಮಲ್ಲಿ ಇದ್ದೋಳು,” ವಾಸಂತಿ ಹಲ್ಲುಸೆಟ್ಟನ್ನು ಕೈಗೆ ತೆಗೆದುಕೊಂಡು ತೊದಲುತ್ತ ಹೇಳಿದರು. “ಎರಡು ಸ್ಲಿಪ್ ಗೇಜು ಯಾವ ಅಂಟಲ್ಲಿ ಕಚ್ಕೊಳ್ತಿತ್ತು, ಹೇಳಿ.”

ಅದೇ ಕಾರ್ಖಾನೆಯಲ್ಲಿ ಅಳತೆ ಪರೀಕ್ಷಿಸಲು ಬಳಸುತ್ತಿದ್ದ ಆ ಉಕ್ಕಿನ ಬಿಲ್ಲೆಗಳನ್ನು ಒಂದರ ಮೇಲೊಂದು ಒತ್ತಿ ತಿರುಗಿಸಿದರೆ, ನಡುವಿನ ತೆಳ್ಳನೆಯ ಎಣ್ಣೆಪಸೆಯೇ ಅವನ್ನು ಬಿಗಿಯಾಗಿ ಹಿಡಿಯುತ್ತಿತ್ತು. ವೆಂಕಟಸುಬ್ಬಯ್ಯನವರಿಗೂ ಇದು ಗೊತ್ತು.

“ಅದು ಉಕ್ಕು ಕಣೆ.”

“ಇದು ನನ್ನ ಬಾಯಿ. ಆ ಟ್ಯೂಬ್ ಇಲ್ಲಿ ಕೊಡಿ.”

ಹಳೆಯ ಪೇಸ್ಟನ್ನೆಲ್ಲ ಉಜ್ಜಿ ತೆಗೆದು, ಮೂರು ಸಣ್ಣ ಚುಕ್ಕೆ ಇಟ್ಟು, ಸೆಟ್ಟನ್ನು ನಲ್ಲಿಯ ಕೆಳಗೆ ಹಿಡಿದರು. ಬಾಯಿ ಮುಕ್ಕಳಿಸಿ, ಒಂದು ಲೋಟ ನೀರು ಕುಡಿದು, ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು. ಇನ್ನೊಮ್ಮೆ ಪರೀಕ್ಷೆ ಮಾಡದೆ ನೀರಿನ ಬಾಟಲಿ ಎತ್ತಿಕೊಂಡು ಒಳಗೆ ನಡೆದರು.

ಮೊದಲ ನಂಬರಿಗೇ ಹಾಲ್ ತಲೆಯೆತ್ತಿತು. ಹಳೆಯ ವಾಸಂತಿಯ ದನಿ. ನಾಲ್ಕೈದು ನಂಬರಿಗೊಮ್ಮೆ ಒಂದು ಗುಟುಕು ನೀರು, ಮತ್ತೆ ದನಿ. ಐವತ್ತಾರು ಬಂತು, ಪೆನ್ನುಗಳು ಒಟ್ಟಿಗೆ ಗೀಚಿದವು. ಅರವತ್ತಾರು ಬಂತು, ಬಾಗಿಲಲ್ಲಿ ನಿಂತಿದ್ದ ವೆಂಕಟಸುಬ್ಬಯ್ಯ ಸಾಲು ಸಾಲಾಗಿ ಎಲ್ಲರ ಮುಖ ನೋಡಿದರು. ಯಾರೂ ಏನಂದ್ರಿ ಎನ್ನಲಿಲ್ಲ. ಎಪ್ಪತ್ತೇಳಕ್ಕೆ ಬರುವಷ್ಟರಲ್ಲಿ ವಾಸಂತಿ ಬಾಟಲಿಯನ್ನೂ ಮರೆತು, ಬಾಯಿತುಂಬ ನಗುತ್ತ ಕೂಗುತ್ತಿದ್ದರು.

ಟಿಕೆಟ್ಟಿನ ನಂಬರೆಲ್ಲ ಮುಗಿದು “ಹೌಸ್,” ಎಂದು ಎದ್ದು ನಿಂತವರು ಹಿಂದಿನ ಸಾಲಿನ ಈರಣ್ಣ. ಎಲ್ಲರೂ ತಿರುಗಿ ನೋಡಿದರು. ಕಾರ್ಖಾನೆಯ ತಗಡು ಒತ್ತುವ ಪ್ರೆಸ್ ಶಾಪಿನ ಸದ್ದಿನಲ್ಲಿ ಕಿವಿ ಕಳೆದುಕೊಂಡಿದ್ದ ಈರಣ್ಣ, ಹೋದ ತಿಂಗಳು ಪಕ್ಕದವರನ್ನು ಕೇಳಿ ಕೇಳಿ ಸಾಕಾಗಿ ಅರ್ಧಕ್ಕೇ ಎದ್ದುಹೋಗಿದ್ದರು. ವಿಶ್ವನಾಥ್ ಟಿಕೆಟ್ ಪರೀಕ್ಷಿಸಿದರು. ಒಂದೂ ತಪ್ಪಿರಲಿಲ್ಲ.

ಮೇಡಂಗೆ ಸುಸ್ತಾಗಿರಬಹುದು, ಎರಡನೇ ಆಟಕ್ಕಾದರೂ ಇದಿರಲಿ ಎಂದು ವಿಶ್ವನಾಥ್ ಫೋನ್ ಎತ್ತಿ ತೋರಿಸಿದರು. ಈರಣ್ಣ ಅದನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ಅವರ ಕೈಗೇ ವಾಪಸ್ ಇಟ್ಟರು.

“ಇದಕ್ಕೆ ತುಟಿ ಎಲ್ಲೈತೆ ಸಾರ್?”