ಬೈದು ಕರೆದದ್ದು

ಗಾಳಿಯಲ್ಲಿ ಜ್ವರ ಸೇರಿದಾಗಿನಿಂದ ಊರಿನ ದನಗಳೆಲ್ಲ ಪ್ರಯೋಗಾಲಯದ ಗಾಜಿನಾಚೆಯೇ ಹುಟ್ಟಿ ಬೆಳೆಯುತ್ತಿದ್ದವು. ಮನೆಯವರು ಈಚೆ ನಿಂತು ಮೈಕಿನಲ್ಲಿ ಮಾತಾಡಿಸಿ ಹೋಗುತ್ತಿದ್ದರು.

ಅಂದು ನೀಲವ್ವನ ಎಮ್ಮೆಯ ರಕ್ತದಲ್ಲೂ ಜ್ವರ ಸಿಕ್ಕಿತ್ತು. ಸಾಯಿಸುವ ಸೂಜಿ ಹಿಡಿದು ಬಂದ, ಮೈಯೆಲ್ಲ ಮುಚ್ಚಿಕೊಂಡ ಡಾಕ್ಟರನ್ನು ಕಂಡು ಅದು ಮೂಲೆ ಸೇರಿತು.

"ನೀವ ಕರೀರಿ, ನೀಲವ್ವಾರ. ಉಳಿದ ದನಾನರ ಉಳೀತಾವು," ಎಂದರು ಡಾಕ್ಟರು.

ನೀಲವ್ವ ಒಲ್ಲೆನೆಂದು ತಲೆಯಾಡಿಸಿದಳು. ಅವರು ಮೂಲೆಯತ್ತ ಹೆಜ್ಜೆಯಿಟ್ಟದ್ದೇ ತಡ, ಮೈಕಿನಲ್ಲಿ ಎಮ್ಮೆಗೆ ಚೀರಿದಳು: "ಬರಬ್ಯಾಡ! ಹಾಳಾಗಿ ಹೋಗ, ಮೂಳಿ!"

ಎಮ್ಮೆ ಕಿವಿ ನಿಮಿರಿಸಿತು. ದೃಷ್ಟಿಯಾದೀತೆಂದು ನೀಲವ್ವ ಅದನ್ನು ಎಂದೂ ಮುದ್ದಾಗಿ ಕರೆದವಳಲ್ಲ. ಕರುವಾಗಿದ್ದಾಗಿನಿಂದ ಬೈದೇ ಕರೆದಿದ್ದಳು. ಅದು ಓಡಿ ಬಂದು ಗಾಜಿಗೆ ಮೂತಿ ಒತ್ತಿತು. ಕೆಚ್ಚಲಿನಿಂದ ಹಾಲು ತೊಟ್ಟಿಕ್ಕತೊಡಗಿತು.

ಡಾಕ್ಟರು ಹಿಂದಿನಿಂದ ಮೆಲ್ಲಗೆ ಬಂದರು.

"ಹೋಗ..." ಎಂದಳು ನೀಲವ್ವ. ಅದು ಇನ್ನಷ್ಟು ಒತ್ತಿಕೊಂಡಿತು.