ಕ್ಷಮೆ ಸಿಗದ ಪಟ್ಟಿ

ವರ್ಷಕ್ಕೊಮ್ಮೆ ಎಲ್ಲರೂ ತಲೆಯನ್ನು ಹೊಸದಾಗಿ ಜೋಡಿಸಿಕೊಳ್ಳುವ ಆ ಊರಿನಲ್ಲಿ, ಲೈಬ್ರರಿಗಳಲ್ಲಿಟ್ಟ ಗುಣಗಳನ್ನು ನೆನಪುಗಳಿಗೆ ಬೆಸೆಯುವ ಲಿಂಕರ್ ಯಂತ್ರದ ಮುಂದೆ ಕೂತಿದ್ದ ಪದ್ಮರಾಜಯ್ಯನಿಗೆ ಅಧಿಕಾರಿ ಶ್ರೀಕಂಠಪ್ಪ ತನ್ನ ತಲೆಗೆಂದು ಬರೆದು ತಂದ ಪಟ್ಟಿ ನೋಡಿಯೇ ಮೈಯುರಿಯಿತು. ಪರದೆಯ ಮೇಲೆ ಕೆಂಪಕ್ಷರ: 'ಕ್ಷಮೆ ಸಿಗಲಿಲ್ಲ.'

"ಕ್ಷಮೆ ಲೈಬ್ರರೀನ ಎಲ್ಲಕ್ಕಿಂತ ಮೊದಲು ಹಾಕಿದೀನಲ್ರೀ," ಎಂದ ಶ್ರೀಕಂಠಪ್ಪ.

"ಅದೇ ಎಡವಟ್ಟು ಸ್ವಾಮಿ. ಯಂತ್ರ ಪಟ್ಟೀನ ಮೇಲಿಂದ ಕೆಳಕ್ಕೆ ಓದುತ್ತೆ; ಯಾರೂ ಕೇಳೋಕೆ ಮುಂಚೆ ಇಟ್ಟಿದ್ದನ್ನ ಮುಟ್ಟದೆ ದಾಟಿ ಹೋಗುತ್ತೆ. ಕ್ಷಮೆ ಕೇಳೋದು ನೀವು ಹೆಂಡತಿಗೆ ಹೊಡೆದ ನೆನಪು, ಅದು ಕೊನೇಲಿದೆ. ಅದನ್ನ ಮೇಲಕ್ಕೆ ತನ್ನಿ, ಕ್ಷಮೆ ಅದರ ಕೆಳಗಿರ್ಲಿ."

ಹೊರಗಿನ ಬೆಂಚಿನ ಮೇಲೆ ಅವನ ಹೆಂಡತಿ 'ಕ್ಷಮಿಸು' ಎಂಬ ಆ ಒಂದು ಮಾತಿಗಾಗಿ ಕಾಯುತ್ತಿದ್ದಳು. ಶ್ರೀಕಂಠಪ್ಪ ಗಡ್ಡ ಕೆರೆದುಕೊಂಡು ಯೋಚಿಸಿ, ಆ ನೆನಪನ್ನೇ ಪಟ್ಟಿಯಿಂದ ಅಳಿಸಿದ. ಕ್ಷಮೆ ಕೇಳುವುದು ಪಟ್ಟಿಯಲ್ಲಿ ಏನೂ ಉಳಿಯದೆ, ಕೆಂಪು ಹೋಗಿ ಹಸಿರು ಬಂತು.

"ನೋಡಿ, ಎಷ್ಟು ಸುಲಭ," ಎಂದು ಬೀಗಿದ.

ಪದ್ಮರಾಜಯ್ಯ ಅವನ ಮುಖವನ್ನೂ ನೋಡದೆ ಮುದ್ರೆಯೊತ್ತಿದ: 'ದೋಷವಿಲ್ಲ.'