ಪರದೆ ತೆಗೆಯುವ ನಿರ್ಣಯ

ಸೈಬರ್ ಅಂಗಡಿಯ ಕ್ಯಾಬಿನುಗಳಿಗೆ ಪರದೆ ಇರಬೇಕೋ ಬೇಡವೋ ಎಂಬ ಗಹನವಾದ ಪ್ರಶ್ನೆಯನ್ನು ಇತ್ಯರ್ಥ ಮಾಡಲು, ೨೦೦೪ರ ಒಂದು ಭಾನುವಾರ, ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮೂರು ಊರುಗಳ ಇಂಟರ್‌ನೆಟ್ಟು ಸಭೆ ಸೇರಿತು. ಮೂಡುಬಿದಿರೆಯ ಪರವಾಗಿ ಶೋಧನ್, ಬಂಟ್ವಾಳದ ಪರವಾಗಿ ಅಝೀಮ್, ಬೆಳ್ತಂಗಡಿಯ ಕಡೆಯಿಂದ ಗುರುವಾಯನಕೆರೆಯ ಝಕರಿಯಾ; ಮೂವರೂ ಸೈಬರ್ ಅಂಗಡಿಯ ಮಾಲಕರು. ಒಂದು ಊರು ಬೇಡವೆಂದರೂ ನಿರ್ಣಯ ಬಿದ್ದುಹೋಗಬೇಕು ಎಂಬುದು ಈ ಮೂವರ ಒಕ್ಕೂಟದ ಮೊದಲ ನಿಯಮ. ದೊಡ್ಡ ದೊಡ್ಡ ದೇಶಗಳೂ ಹೀಗೆಯೇ ಮಾಡುವುದೆಂದು ಶೋಧನ್ ಎಲ್ಲೋ ಓದಿದ್ದ.

"ಕಾಲೇಜು ಹುಡುಗರು ಪರದೆಯ ಹಿಂದೆ ಎಂತ ನೋಡ್ತಾರೆ ಅಂತ ಊರಿಗೇ ಗೊತ್ತುಂಟು," ಎಂದ ಶೋಧನ್. "ಪರದೆ, ಪ್ಲೈವುಡ್ಡು ಎಲ್ಲ ತೆಗೆಯುವ. ಯಾರು ಎಂತ ಮಾಡಿದ್ರೂ ಎಲ್ಲರಿಗೂ ಕಾಣಲಿ."

ಝಕರಿಯಾ ಗೋಳಿಬಜೆ ಮುರಿಯುತ್ತ, "ಪರದೆ ಇದ್ರೆ ಕೆಲವರಿಗೆ ಒಳ್ಳೆದಿತ್ತು..." ಎಂದು ರಾಗ ಎಳೆದ.

"ಕೆಲವರಿಗೆ ಅಂದ್ರೆ? ನಿಮಗಾ ಝಕರಿಯಾಕ?" ಎಂದ ಅಝೀಮ್, ಅಣ್ಣನೆನ್ನುವ ‘ಕ’ ಬಿಡದೆ.

ಪಕ್ಕದ ಟೇಬಲಿನವರೂ ನಕ್ಕರು. ಮಸೀದಿ ಕಮಿಟಿಯ ಸದಸ್ಯನೂ ಹೆಣ್ಣುಮಕ್ಕಳ ತಂದೆಯೂ ಆದ ಝಕರಿಯಾ ಎಲ್ಲರಿಗಿಂತ ಮೊದಲು ಕೈ ಎತ್ತಿದ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಕೆಲವರು ಎಂದರೆ ಮಿಸ್ರಿಯಾ. ಅವಳ ಗಂಡ ಶುಕೂರ್ ಸೌದಿಯ ದಮ್ಮಾಮಿನಲ್ಲಿದ್ದ. ಶುಕ್ರವಾರ ಅವನಿಗೆ ರಜೆ. ಅಂದು ಅವಳು ಕೂಸನ್ನೆತ್ತಿಕೊಂಡು ಝಕರಿಯಾನ ಅಂಗಡಿಗೆ ಬಂದು ಮೂಲೆಯ ಕ್ಯಾಬಿನಿನಲ್ಲಿ ಕ್ಯಾಮೆರಾದ ಮುಂದೆ ಕೂರುತ್ತಿದ್ದಳು. ಮಗುವೂ ಅಪ್ಪನ ದನಿ ಕೇಳಲಿ ಎಂದು ಹೆಡ್‌ಫೋನ್ ಬದಿಗಿಟ್ಟು ಸ್ಪೀಕರಿನಲ್ಲೇ ಮಾತು. ಸಭೆಗೆ ಎರಡು ದಿನ ಮೊದಲು ಹೊರಡುವಾಗ ಅವಳು ಝಕರಿಯಾನಿಗೆ ಹೇಳಿದ್ದಳು: "ಮುಂದಿನ ವಾರವೂ ನನಗೆ ಮೂಲೆಯದ್ದೇ ಇಟ್ಟಿರಿ ಝಕರಿಯಾಕ. ಆ ಶನಿವಾರ ಇವರು ಮತ್ತೆ ಎರಡು ವರ್ಷದ ಕೆಲಸಕ್ಕೆ ಸೈನ್ ಮಾಡ್ಬೇಕಂತೆ. ಬೇಡ, ಊರಿಗೆ ಬನ್ನಿ ಅಂತ ಹೇಳ್ಲಿಕ್ಕುಂಟು. ಮನೆಯ ಫೋನಲ್ಲಿ ಆಗುದಿಲ್ಲ, ಪಕ್ಕದಲ್ಲೇ ಇವರ ತಾಯಿ ಕೂತಿರ್ತಾರೆ."

ಉಳಿದೆರಡು ಊರುಗಳಲ್ಲಿ ನಿರ್ಣಯದ ಜಾರಿಗೆ ಇನ್ನೂ ಮುಹೂರ್ತ ಕೂಡಿಬಂದಿರಲಿಲ್ಲ. ಝಕರಿಯಾ ಮಾತ್ರ ಸೋಮವಾರವೇ ಬಡಗಿಯನ್ನು ಕರೆಸಿದ್ದ. ಶುಕ್ರವಾರ ಮಿಸ್ರಿಯಾ ಬಂದಾಗ ಮೂಲೆಯಲ್ಲಿ ಮೇಜೊಂದು ಬೆತ್ತಲೆ ನಿಂತಿತ್ತು. ಅಂದು ಪಿಯುಸಿ ರಿಸಲ್ಟು ಬೇರೆ. ಬೆಂಚಿನ ತುಂಬ ಜನ. ಅವಳು ಝಕರಿಯಾನ ಮುಖ ನೋಡಿದಳು.

"ಮೂರು ಊರಿನವರೂ ಸೇರಿ ಮಾಡಿದ್ದು," ಎಂದ ಅವನು. "ನಾನೊಬ್ಬ ಎಂತ ಮಾಡ್ಲಿಕ್ಕಾಗ್ತದೆ?"

ಶುಕೂರನ ಮುಖ ಚೂರುಚೂರಾಗಿ ಬಂದು ಸ್ಕ್ರೀನಿನಲ್ಲಿ ಕೂಡಿಕೊಂಡಿತು. ಬೆಂಚು ತಾನಾಗಿಯೇ ಎಂಬಂತೆ ಹತ್ತಿರ ಸರಿಯಿತು. ಮಗಳ ರಿಸಲ್ಟಿಗೆ ಕಾಯುತ್ತಿದ್ದ ಚಿನ್ನಯ್ಯ, "ಕೂಸು ಅಪ್ಪನ ಹಾಗೆಯೇ ಉಂಟು," ಎಂದು ಪ್ರೀತಿಯಿಂದ ಘೋಷಿಸಿದ. ಇನ್ನೊಬ್ಬ ಅಲ್ಲಿಯ ಸೆಕೆ ವಿಚಾರಿಸಿದ. ಮತ್ತೊಬ್ಬನಿಗೆ ಅಳಿಯನ ವೀಸಾದ ಚಿಂತೆ. ಶುಕೂರ್ ಎಲ್ಲರಿಗೂ ನಗುತ್ತ ಉತ್ತರ ಕೊಟ್ಟು, ಕೊನೆಗೆ ಹೆಂಡತಿಯ ಕಡೆ ತಿರುಗಿದ.

"ನಾಳೆ ಸೈನ್ ಮಾಡ್ಲಿಕ್ಕುಂಟು. ನೀನು ಎಂತ ಹೇಳ್ತೀ?"

ಕೇಳಿದ್ದು ಮನೆಮಾತಾದ ಬ್ಯಾರಿ ಭಾಷೆಯಲ್ಲಿ. ಅದು ಅರ್ಥವಾಗದವರು ಅಂಗಡಿಯಲ್ಲಿ ಒಬ್ಬರೂ ಇರಲಿಲ್ಲ. ಬೆಂಚು ಇನ್ನಷ್ಟು ಮುಂದಕ್ಕೆ ಬಾಗಿತು.

ಎಲ್ಲರೂ ಸ್ವಲ್ಪ ಹೊರಗೆ ನಿಲ್ಲಿ ಎನ್ನಲು ಝಕರಿಯಾ ಎದ್ದ. ಎಲ್ಲರೂ ಹೊರಗೆ ಹೋದರೆ ಒಳಗೆ ಉಳಿಯುವುದು ತಾನು ಮತ್ತು ಇನ್ನೊಬ್ಬನ ಹೆಂಡತಿ ಎಂದು ಅಷ್ಟರಲ್ಲಿ ಹೊಳೆಯಿತು. ತಾನೇ ಹೊರಗೆ ಹೋಗಬಹುದಿತ್ತು. ಅದು ಮಾತ್ರ ಹೊಳೆಯಲಿಲ್ಲ. ಮತ್ತೆ ಕೂತು ಕೀಬೋರ್ಡಿನ ಧೂಳು ಒರೆಸತೊಡಗಿದ.

"ಮಾಡ್ಲಿ ತಂಗಿ," ಎಂದು ಚಿನ್ನಯ್ಯನೇ ಧೈರ್ಯ ಹೇಳಿದ. "ಎರಡು ವರ್ಷ ಅಂದ್ರೆ ಎಷ್ಟು, ಹೀಗೆ ಹೋಗ್ತದೆ. ಇಲ್ಲಿ ಬಂದು ಎಂತ ಮಾಡ್ಲಿಕ್ಕುಂಟು?"

ಮಿಸ್ರಿಯಾ ಮಗುವಿನ ಟೊಪ್ಪಿ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

"ನಿಮ್ಮ ಇಷ್ಟ," ಎಂದಳು.

ಮರುದಿನ ಶುಕೂರ್ ಸೈನ್ ಮಾಡಿದ.